ಡಾಲ್ಮೇಷಿಯಾದ ದ್ವೀಪಗಳಲ್ಲಿ ಏಳು ದಿನ

ಆಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿ, ಕ್ರೊಯೇಷಿಯಾ ದೇಶಕ್ಕೆ ಸೇರಿದ ಡಾಲ್ಮೇಷಿಯಾ ಎಂಬ ಸೀಮೆಯುಂಟು. ಅದರ ಕರಾವಳಿಯ ಮುಂದೆ ಹರಡಿರುವ ನೂರಾರು ದ್ವೀಪಗಳು ಒಂದಾನೊಂದು ಕಾಲದಲ್ಲಿ ಬೆಟ್ಟದ ಸಾಲುಗಳಾಗಿದ್ದುವು. ಹಿಮಯುಗವು ಕಳೆದು ಸಮುದ್ರವು ಮೇಲೇರಿದಾಗ ಕಣಿವೆಗಳು ಮುಳುಗಿದುವು. ಶಿಖರಗಳು ದ್ವೀಪಗಳಾಗಿ ಉಳಿದುವು. ಸ್ಪ್ಲಿಟ್ ನಗರದಿಂದ ಡುಬ್ರೋವ್ನಿಕ್ಕಿನವರೆಗೆ, ಯಾಟ್ ಎಂಬ ಸಣ್ಣ ಹಾಯಿನೌಕೆಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗಲು ಒಂದು ವಾರ ಸಾಕು.

ಹೊರಡುವವನು ಮೊದಲು ಅಲ್ಲಿಯ ಮೂರು ಗಾಳಿಗಳನ್ನು ಅರಿತಿರಬೇಕು. ಬೇಸಗೆಯ ಹಗಲಿನಲ್ಲಿ ವಾಯವ್ಯದಿಂದ ಬೀಸಿ ಸಂಜೆಗೆ ಅಡಗುವ ಮಾಯೆಸ್ತ್ರಾಲ್ ನಾವಿಕನ ಮಿತ್ರ. ಆಗ್ನೇಯದ ಯೂಗೊ ಮೋಡವನ್ನೂ ದೊಡ್ಡ ಅಲೆಗಳನ್ನೂ ತರುವುದಾದರೂ ಕ್ರಮಕ್ರಮವಾಗಿ ಬಲಗೊಳ್ಳುವುದರಿಂದ ಎಚ್ಚರಗೊಳ್ಳಲು ಅವಕಾಶವುಂಟು. ಈಶಾನ್ಯದ ಬೂರಾ ಹಾಗಲ್ಲ. ಒಳನಾಡಿನ ತಣ್ಣನೆಯ ಭಾರವಾದ ಗಾಳಿಯು ಬೆಟ್ಟಗಳನ್ನು ದಾಟಿ ಕಡಲಿಗೆ ಧುಮುಕುವುದರಿಂದ, ಆಕಾಶವು ತಿಳಿಯಾಗಿದ್ದಾಗಲೂ ಅದು ಹಠಾತ್ತಾಗಿ ಎರಗಬಲ್ಲುದು. ಆದುದರಿಂದ ರಾತ್ರಿ ತಂಗುವ ಕೊಲ್ಲಿಯನ್ನು ಅದರ ಅಂದಕ್ಕಾಗಿ ಆರಿಸಲಾಗದು. ಆ ರಾತ್ರಿ ಗಾಳಿ ಯಾವ ದಿಕ್ಕಿನಿಂದ ಬಂದೀತೆಂಬುದನ್ನು ನೋಡಿಯೇ ಆರಿಸಬೇಕು.

ಸ್ಪ್ಲಿಟ್‌ನಲ್ಲಿ ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ನನು ಸಿಂಹಾಸನವನ್ನು ತೊರೆದು, ಸುಮಾರು ಕ್ರಿ.ಶ. 305ರಲ್ಲಿ ಬಂದು ನೆಲೆಸಿದ ಅರಮನೆಯಿದೆ. ಅದರ ಗೋಡೆಗಳೊಳಗೆ ಇಂದಿಗೂ ಜನವಸತಿಯಿದೆ. ಮೊದಲ ದಿನ ತಲಪುವ ಬ್ರಾಚ್ ದ್ವೀಪದ ಗಣಿಗಳಿಂದಲೇ ಆ ಅರಮನೆಗೆ ಬಿಳಿಯ ಕಲ್ಲು ಬಂದಿತು.

ಎರಡನೆಯ ದಿನ ಹ್ವಾರ್ ದ್ವೀಪ. ಗ್ರೀಸಿನ ಪಾರೋಸ್ ದ್ವೀಪದವರು ಕ್ರಿ.ಪೂ. 384ರಲ್ಲಿ ಇಲ್ಲಿ ನೆಲೆಯೂರಿ, ಸ್ತಾರಿ ಗ್ರಾಡ್ ಊರಿನ ಬಯಲನ್ನು ಸಮನಾದ ಉದ್ದ ಚೌಕಗಳಾಗಿ ಹಂಚಿಕೊಂಡರು. ಗಾರೆಯಿಲ್ಲದ ಕಲ್ಲುಗೋಡೆಗಳ ಆ ವಿಂಗಡಣೆಯೊಳಗೇ ರೈತರು ಇಂದಿಗೂ ದ್ರಾಕ್ಷಿಯನ್ನೂ ಆಲಿವನ್ನೂ ಬೆಳೆಯುತ್ತಾರೆ. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರನೆಯ ದಿನದ ವಿಸ್ ದ್ವೀಪವು ತೀರದಿಂದ ದೂರವಿರುವುದರಿಂದಲೇ ನೌಕಾಬಲಗಳಿಗೆ ಬೇಕಾದ ತಾಣವಾಯಿತು. ಇದರ ಬಳಿಯ ಕಡಲಿನಲ್ಲಿ 1811ರಲ್ಲಿ ಆಂಗ್ಲರು ಫ್ರೆಂಚರ ಪಡೆಯನ್ನೂ, 1866ರಲ್ಲಿ ಆಸ್ಟ್ರಿಯದವರು ಇಟಲಿಯವರನ್ನೂ ಸೋಲಿಸಿದರು. 1944ರಲ್ಲಿ ಟಿಟೋ ತನ್ನ ಮುಖ್ಯ ಠಾಣ್ಯವನ್ನು ಇಲ್ಲಿಟ್ಟುಕೊಂಡಿದ್ದನು. ಅನಂತರ ಸೈನ್ಯದ ನೆಲೆಯಾಗಿ, 1989ರವರೆಗೆ ವಿದೇಶೀಯರಿಗೆ ಈ ದ್ವೀಪವು ಮುಚ್ಚಿತ್ತು.

ನಾಲ್ಕನೆಯ ದಿನ ಪೂರ್ವಕ್ಕೆ ದೀರ್ಘ ಪ್ರಯಾಣ ಮಾಡಿದರೆ ಕೋರ್ಚುಲಾ. ಆ ಕೋಟೆಯೂರಿನ ಬೀದಿಗಳು ಮೀನಿನ ಮುಳ್ಳಿನಂತೆ ನಡುಬೀದಿಯಿಂದ ಎರಡು ಕಡೆಗೂ ಕವಲೊಡೆದಿವೆ. ಪಶ್ಚಿಮದ ಬೀದಿಗಳು ನೇರವಾಗಿದ್ದು ಬೇಸಗೆಯ ತಂಪುಗಾಳಿಯನ್ನು ಒಳಗೆ ಬಿಡುತ್ತವೆ. ಪೂರ್ವದವು ಬಾಗಿದ್ದು ಬೂರಾವನ್ನು ತಡೆಯುತ್ತವೆ. ಮಾರ್ಕೋ ಪೋಲೋ ಇಲ್ಲಿಯೇ ಹುಟ್ಟಿದನೆಂದು ಊರಿನವರು ಹೇಳುವುದುಂಟು; ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದರೆ ಗಾಳಿಯನ್ನು ಬಲ್ಲವರು ಈ ಊರನ್ನು ಕಟ್ಟಿದರೆಂಬುದಕ್ಕೆ ಬೀದಿಗಳೇ ಸಾಕ್ಷಿ.

ಐದನೆಯ ದಿನ ಕಾಡು ತುಂಬಿದ ಮ್ಲೆಟ್ ದ್ವೀಪ. ಅಲ್ಲಿಯ ಉಪ್ಪುನೀರಿನ ಸರೋವರದ ನಡುಗಡ್ಡೆಯಲ್ಲಿ ಬೆನೆಡಿಕ್ಟೈನ್ ಸಂನ್ಯಾಸಿಗಳ ಹಳೆಯ ಮಠವಿದೆ. ಆರನೆಯ ದಿನ ಶಿಪಾನ್; ಡುಬ್ರೋವ್ನಿಕ್ಕಿನ ಶ್ರೀಮಂತರು ಬೇಸಗೆಯನ್ನು ಕಳೆಯಲು ಮನೆಗಳನ್ನು ಕಟ್ಟಿಕೊಂಡಿದ್ದ ದ್ವೀಪವಿದು.

ಏಳನೆಯ ದಿನ ಡುಬ್ರೋವ್ನಿಕ್. ರಗೂಸಾ ಎಂಬ ಹೆಸರಿನಿಂದ ಗಣರಾಜ್ಯವಾಗಿದ್ದ ಈ ನಗರವು, ಪ್ಲೇಗಿನ ಸೀಮೆಯಿಂದ ಬಂದವರು ಒಂದು ತಿಂಗಳು ಹೊರಗೆ ಕಾದಿದ್ದು ಒಳಬರಬೇಕೆಂದು 1377ರಲ್ಲಿಯೇ ಕಟ್ಟಳೆ ಮಾಡಿತು. 1416ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. 1667ರ ಭೂಕಂಪವನ್ನು ತಾಳಿಕೊಂಡಿತಾದರೂ, 1808ರಲ್ಲಿ ಫ್ರೆಂಚರು ಗಣರಾಜ್ಯವನ್ನು ಅಳಿಸಿದರು. 1991ರ ಮುತ್ತಿಗೆಯಲ್ಲಿ ಗುಂಡಿಗೆ ಸಿಕ್ಕಿದ ಮಾಡುಗಳನ್ನು ಅನಂತರ ಮತ್ತೆ ಹೊದಿಸಲಾಯಿತು.

ಕಡೆಯದಾಗಿ ಒಂದು ಮಾತು. ಈ ಕೊಲ್ಲಿಗಳ ತಳದಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲು ಬೆಳೆಯುತ್ತದೆ. ಮೀನಿನ ಮರಿಗಳಿಗೆ ಅದೇ ಆಸರೆ. ತಳದ ಮರಳನ್ನು ಹಿಡಿದಿಡುವುದೂ ಅದೇ. ಅದು ಬಹು ನಿಧಾನವಾಗಿ ಹಬ್ಬುವ ಸಸ್ಯ. ಎಳೆದಾಡಿದ ಲಂಗರೊಂದು ಕ್ಷಣದಲ್ಲಿ ಕಿತ್ತ ಹುಲ್ಲು ಮರಳಿ ಬೆಳೆಯಲು ದಶಕಗಳೇ ಬೇಕಾಗಬಹುದು. ಆದುದರಿಂದ ಯಾತ್ರಿಕನು ನೀರಿನೊಳಗೆ ಕಪ್ಪಾಗಿ ಕಾಣುವ ಎಡೆಯನ್ನು ಬಿಟ್ಟು, ಬಿಳಿಯ ಮರಳು ಕಾಣುವಲ್ಲಿ ಲಂಗರನ್ನಿಳಿಸತಕ್ಕುದು. ಕಲ್ಲಿನ ಗೋಡೆಗಳನ್ನು ಇಪ್ಪತ್ತನಾಲ್ಕು ಶತಮಾನಗಳ ಕಾಲ ಉಳಿಸಿದವರ ನೆರೆಯಲ್ಲಿ ಒಂದು ರಾತ್ರಿ ತಂಗುವವನಿಗೆ ಇಷ್ಟು ಎಚ್ಚರ ಹೆಚ್ಚಿನದಲ್ಲ.