ಔಷಧವೇ ಪರೀಕ್ಷೆಯಾದಾಗ

ಕೆಲವು ವರ್ಷಗಳ ಹಿಂದೆ, ಜಮಖಂಡಿಯ ಸಮೀಪದ ಹುನ್ನೂರಿನ ಕಡೆಯ ನೇಕಾರನೊಬ್ಬ ನನ್ನೆದುರು ಕುಳಿತಿದ್ದ. ಎರಡು ವಾರದಿಂದ ತಲೆನೋವು, ಜ್ವರ, ಬಲಗೈಯಲ್ಲಿ ಲಾಳಿ ಹಿಡಿಯುವಷ್ಟು ಕಸುವಿಲ್ಲ, ಮಾತು ತೊದಲುತ್ತಿತ್ತು. “ಗಾಳಿ ಸೋಕೇತ್ರಿ” ಎಂದರು ಅವನ ತಾಯಿ. ಸ್ಕ್ಯಾನಿನಲ್ಲಿ ಮಿದುಳಿನ ಆಳದಲ್ಲಿ ಉಂಗುರದಂಥ ಮೂರು ಗುರುತುಗಳು ಕಂಡವು.

ಉಂಗುರ ಕಂಡೊಡನೆ ನಮ್ಮ ನಾಡಿನ ವೈದ್ಯನ ಮನಸ್ಸು ಕ್ಷಯದ ಗಂಟಿನತ್ತ, ಇಲ್ಲವೆ ಲಾಡಿಹುಳುವಿನ ಕೋಶದತ್ತ ಓಡುತ್ತದೆ. ನನ್ನದೂ ಓಡಿತು. ತಾಯಿಯನ್ನು ಹೊರಗೆ ಕೂರಿಸಿ ಮತ್ತೆ ವಿಚಾರಿಸಿದಾಗ ಅವನು ದನಿ ತಗ್ಗಿಸಿ, “ನನಗ ಎಚ್‌ಐವಿ ಐತ್ರಿ ಸಾಹೇಬ್ರ. ಗುಳಿಗಿ ಬಿಟ್ಟು ವರ್ಷಾತು. ಅವ್ವಗ ಹೇಳಬ್ಯಾಡ್ರಿ” ಎಂದ. ಯಾವ ಯಂತ್ರವೂ ಹೇಳಲಾರದ ಮಾತು ಅದು. ಅವನ ರಕ್ತದಲ್ಲಿ ಸಿಡಿ4 ಕಣಗಳ ಎಣಿಕೆ ನೂರಕ್ಕಿಂತ ಕೆಳಗಿಳಿದಿತ್ತು. ಅಂಥವರಲ್ಲಿ ಮೊದಲು ಶಂಕಿಸಬೇಕಾದದ್ದು ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯನ್ನು.

1908ರಲ್ಲಿ ಟ್ಯುನಿಸ್ ನಗರದಲ್ಲಿ ನಿಕೋಲ್ ಮತ್ತು ಮಾಂಸೋ ಎಂಬ ವಿಜ್ಞಾನಿಗಳು ಇಲಿಯ ಜಾತಿಗೆ ಹತ್ತಿರದ ಪ್ರಾಣಿಯೊಂದರಲ್ಲಿ ಇದನ್ನು ಕಂಡರು. ಬಿಲ್ಲಿನಂತೆ ಬಾಗಿದ ಆಕಾರದಿಂದಲೇ ಇದಕ್ಕೆ ಆ ಗ್ರೀಕ್ ಹೆಸರು. ಬೆಕ್ಕಿನ ಕರುಳಿನಲ್ಲಿ ಬೆಳೆದು, ಮಲದೊಡನೆ ಮಣ್ಣು ಸೇರಿ, ತೊಳೆಯದ ಸೊಪ್ಪು ಅಥವಾ ಅರೆಬೆಂದ ಮಾಂಸದ ಮೂಲಕ ನಮ್ಮನ್ನು ಸೇರುತ್ತದೆ. (ಕೇಳುಗರು ಮನೆಯ ಬೆಕ್ಕನ್ನು ಓಡಿಸಲು ಹೊರಡಬೇಕಾಗಿಲ್ಲ.) ಆರೋಗ್ಯವಂತರಲ್ಲಿ ಅದು ಜೀವನಪರ್ಯಂತ ನಿದ್ರಿಸುತ್ತದೆ, ರೋಗನಿರೋಧಕ ಶಕ್ತಿ ಕುಂದಿದಾಗ ಏಳುತ್ತದೆ.

ಇದನ್ನು ಪತ್ತೆಹಚ್ಚುವ ತೊಡಕು ಇಲ್ಲಿಯೇ ಇದೆ. ರಕ್ತದಲ್ಲಿ ಪ್ರತಿಕಾಯ ದೊರೆತರೆ, ಜೀವಿ ಎಂದೋ ಒಳಹೊಕ್ಕಿತ್ತೆಂದಷ್ಟೇ ಅರ್ಥ. ದೊರೆಯದಿದ್ದರೆ ಈ ರೋಗದ ಸಂಭವ ಕಡಿಮೆ. ಬೆನ್ನುಹುರಿಯ ದ್ರವದಲ್ಲಿ ಅದರ ವಂಶವಾಹಿಯ ಸುಳಿವು ಸಿಕ್ಕರೆ ಬಲವಾದ ಸಾಕ್ಷ್ಯ, ಸಿಗದಿದ್ದರೆ ಏನೂ ಇತ್ಯರ್ಥವಾಗದು. ಮೇಲಾಗಿ ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದ್ದರೆ ಆ ದ್ರವ ತೆಗೆಯುವುದೇ ಅಪಾಯ. ಮಿದುಳಿನ ತುಣುಕನ್ನೇ ತೆಗೆದು ನೋಡುವುದು ಖಚಿತ ಮಾರ್ಗ. ಆದರೆ ತೊದಲುವವನ ತಲೆಬುರುಡೆ ಕೊರೆಯಲು ಯಾರ ಕೈ ಮುಂದಾದೀತು?

ಆದ್ದರಿಂದ ಔಷಧವನ್ನೇ ಮೊದಲು ಕೊಟ್ಟು ಕಾಯುತ್ತೇವೆ. ನಾನು ಕೋ-ಟ್ರೈಮಾಕ್ಸಜೋಲ್ ಆರಂಭಿಸಿದೆ. ಬಹುಪಾಲು ರೋಗಿಗಳು ಎರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಚೇತರಿಕೆಯೇ ರೋಗದ ಹೆಸರನ್ನು ಹೇಳುತ್ತದೆ. ಈ ಅವಧಿಯಲ್ಲಿ ಊತ ಇಳಿಸಲೆಂದು ಸ್ಟೀರಾಯ್ಡ್ ಕೊಟ್ಟರೆ ಲೆಕ್ಕವೆಲ್ಲ ಕಲಸಿಹೋಗುತ್ತದೆ: ಲಿಂಫೋಮಾ ಎಂಬ ಅರ್ಬುದವೂ ಅದರಿಂದ ತಾತ್ಕಾಲಿಕವಾಗಿ ಕುಗ್ಗಿ ವೈದ್ಯನನ್ನು ವಂಚಿಸುತ್ತದೆ. ಪ್ರಾಣಕ್ಕೆ ಸಂಚಕಾರವಿಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಲೇಸೆಂದು ನನ್ನ ಮತ. ಔಷಧಕ್ಕೆ ಮಣಿಯದಿದ್ದರೆ ಮಾತ್ರ ಬುರುಡೆ ಕೊರೆಯುವ ಮಾತು.

ಹತ್ತನೆಯ ದಿನ ಅವನು ಬಲಗೈಯಿಂದ ಚಹಾದ ಲೋಟ ಎತ್ತಿದ. ಮೂರನೆಯ ವಾರದ ಸ್ಕ್ಯಾನಿನಲ್ಲಿ ಉಂಗುರಗಳು ಕುಗ್ಗಿದ್ದವು. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡತೊಡಗಿದ ಎಚ್‌ಐವಿ ಗುಳಿಗೆಗಳನ್ನು ಅವನು ಮತ್ತೆ ಹಿಡಿದ. ಗಾಳಿ ಬಿಟ್ಟಿತೆಂದು ತಾಯಿ ಸಕ್ಕರೆ ಹಂಚಿದರು. ನಾನೂ ಒಂದು ಚಿಟಿಕೆ ತೆಗೆದುಕೊಂಡೆ.