ಕೊಂಬು ಎದೆಗೆ ಹೊಕ್ಕರೆ

ದೀಪಾವಳಿ ಕಳೆಯಿತೆಂದರೆ ನಮ್ಮ ಹೊನ್ನಾಳಿ, ನ್ಯಾಮತಿ ಸೀಮೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ಗದ್ದಲ. ಕೊರಳಿಗೆ ಒಣಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಬಿರುಗಾಳಿಯಂತೆ ನುಗ್ಗುತ್ತದೆ. ಕೊಬ್ಬರಿ ಕೀಳಲು ಹುಡುಗರು ಮೇಲೆ ಬೀಳುತ್ತಾರೆ. ನೋಡಲು ಚೆಂದ, ನಿಜ. ಆದರೆ ತಿವಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನೂ ಆಗಾಗ ಓದುತ್ತೇವೆ.

ನಾನು ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಸಹಾಯಕನಾಗಿದ್ದವನು. ಗುಂಡೋ ಬಾಂಬಿನ ಚೂರೋ ಎದೆಗೆ ಹೊಕ್ಕರೆ ಏನು ಮಾಡಬೇಕೆಂದು ಲಖನೌದ ತರಬೇತಿಯಲ್ಲಿ ಕಲಿತೆ. ಹೋರಿಯ ಕೊಂಬು ಮಾಡುವುದೂ ಅಂಥದ್ದೇ ಗಾಯ. ಚನ್ನಗಿರಿಯಲ್ಲಿ ಅಡಿಕೆ ಮರದಿಂದ ಬಿದ್ದವರಿಗೆ, ಜಗಳೂರಿನ ಹೊಲದಲ್ಲಿ ಟ್ರ್ಯಾಕ್ಟರ್ ಮಗುಚಿ ಸಿಕ್ಕಿಕೊಂಡವರಿಗೆ ಹೊರಗೆ ತೂತು ಕಾಣದಿರಬಹುದು. ಒಳಗೆ ಆಗುವ ಅಪಾಯ ಮಾತ್ರ ಅದೇ.

ಮಕ್ಕಳೇ, ಕಮ್ಮಾರನ ತಿದಿ ಕಂಡಿದ್ದೀರಾ? ಇಲ್ಲದಿದ್ದರೆ ಅಜ್ಜನನ್ನು ಕೇಳಿ. ನಮ್ಮ ಎದೆಯೂ ಒಂದು ತಿದಿ. ಸುತ್ತ 12 ಜೊತೆ ಪಕ್ಕೆಲುಬು, ಕೆಳಗೆ ವಪೆ ಎಂಬ ಸ್ನಾಯು. ವಪೆ ಕೆಳಗಿಳಿದು ಎದೆ ಹಿಗ್ಗಿದಾಗ ಮೂಗಿನಿಂದ ಗಾಳಿ ಒಳಗೆ ಬರುತ್ತದೆ. ತಿದಿಯ ಚರ್ಮಕ್ಕೇ ತೂತು ಬಿದ್ದರೆ? ಗಾಳಿ ಆ ತೂತಿನಿಂದಲೂ ನುಗ್ಗುತ್ತದೆ. ಅದು ಶ್ವಾಸಕೋಶದೊಳಗೆ ಹೋಗುವುದಿಲ್ಲ, ಅದರ ಹೊರಗೆ ತುಂಬಿಕೊಂಡು ಶ್ವಾಸಕೋಶವನ್ನು ಮುದುಡಿಸುತ್ತದೆ. ಗಾಯದಲ್ಲಿ ಬುಸ್ ಬುಸ್ ಸದ್ದು, ರಕ್ತದಲ್ಲಿ ಗುಳ್ಳೆ ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೈಕಲ್ ಟ್ಯೂಬಿನ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಗಾಯವೂ ಕೆಲವೊಮ್ಮೆ ಹಾಗೇ ಆಗುತ್ತದೆ. ಮುರಿದ ಪಕ್ಕೆಲುಬು ಒಳಗೆ ಶ್ವಾಸಕೋಶಕ್ಕೆ ಚುಚ್ಚಿದರೂ ಅಷ್ಟೆ. ಒಳಗಿನ ಒತ್ತಡ ಏರಿ ಹೃದಯವೇ ಪಕ್ಕಕ್ಕೆ ಸರಿಯುತ್ತದೆ, ರಕ್ತ ಅದಕ್ಕೆ ಮರಳುವುದು ಕಷ್ಟವಾಗುತ್ತದೆ. ಏದುಸಿರು, ತುಟಿ ನೀಲಿಗಟ್ಟುವುದು, ಮಂಪರು. ಬೇಗ ಚಿಕಿತ್ಸೆ ಸಿಗದಿದ್ದರೆ ಸಾವು. ವಿಯೆಟ್ನಾಂ ಯುದ್ಧದಲ್ಲಿ, ಉಳಿಸಬಹುದಾಗಿದ್ದೂ ಸತ್ತ ಎಷ್ಟೋ ಸೈನಿಕರಿಗೆ ಹೀಗೇ ಆಗಿತ್ತು. 1996ರಲ್ಲಿ ಅಮೆರಿಕದ ಸೇನಾ ವೈದ್ಯರು ರಣರಂಗದ ಚಿಕಿತ್ಸೆಗೆ ಹೊಸ ಕ್ರಮ ಬರೆದಾಗ, ಸೂಜಿ ಚುಚ್ಚಿ ಆ ಗಾಳಿಯನ್ನು ಹೊರಬಿಡುವುದನ್ನೂ ಸೇರಿಸಿದರು. ಅದು ತರಬೇತಾದವರ ಕೆಲಸ. ಸಿನಿಮಾದಲ್ಲಿ ನೋಡಿ ಯಾರೂ ಕೈ ಹಾಕಬೇಡಿ.

ಹಾಗಾದರೆ ನಾವೇನು ಮಾಡಬೇಕು? ಸೈನಿಕ ಮೊದಲು ಗುಂಡಿನ ದಾರಿಯಿಂದ ಪಾರಾಗುತ್ತಾನೆ, ಆಮೇಲೆ ಗಾಯಾಳುವನ್ನು ನೋಡುತ್ತಾನೆ. ನೀವೂ ಮೊದಲು ಹೋರಿ ದೂರ ಹೋಯಿತೇ ನೋಡಿ. ಕೂಡಲೇ 108ಕ್ಕೆ ಫೋನ್ ಮಾಡಿಸಿ. ರಕ್ತ ಧಾರೆಯಾಗಿ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಗಾಯವನ್ನು ತೆರೆದೇ ಬಿಡಿ, ಅಥವಾ ಒಣಬಟ್ಟೆಯನ್ನು ಸಡಿಲವಾಗಿ ಹೊದಿಸಿ; ಅದು ರಕ್ತದಲ್ಲಿ ತೊಯ್ದರೆ ಬದಲಿಸಿ. ನಾಲ್ಕೂ ಬದಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಗಾಳಿಗೆ ದಾರಿಯಿಲ್ಲ. ಪ್ಲಾಸ್ಟಿಕ್ ಹಾಳೆಯ ಮೂರು ಬದಿ ಅಂಟಿಸಿ ಒಂದು ಬದಿ ಬಿಡುವುದು ಸೇನೆಯಲ್ಲಿ ಹಳೆಯ ಕ್ರಮ. ಈಗ ಗಾಳಿಕಿಂಡಿಯಿರುವ ಅಂಟುಪಟ್ಟಿಗಳೇ ಬಂದಿವೆ.

ಮುರಿದ ಕೊಂಬೋ ಗೂಟವೋ ಎದೆಯಲ್ಲೇ ನಾಟಿದ್ದರೆ ಕೀಳಬೇಡಿ, ರಕ್ತ ತಡೆದಿರುವುದೇ ಅದು. ಅಜ್ಜಿಯರು ಬೇಜಾರು ಮಾಡಿಕೊಳ್ಳಬಾರದು: ಅರಿಶಿನ, ಕಾಫಿಪುಡಿ ತುಂಬುವುದು ಬೇಡ. ಗುಟುಕು ನೀರೂ ಬೇಡ, ಆಪರೇಷನ್ ಬೇಕಾಗಬಹುದು. ಎಚ್ಚರವಿದ್ದರೆ ಉಸಿರಾಟಕ್ಕೆ ಹಿತವಾಗುವಂತೆ ಒರಗಿಸಿ ಕೂರಿಸಿ. ಎತ್ತರದಿಂದ ಬಿದ್ದವರನ್ನು ಮಾತ್ರ ಅಲುಗಾಡಿಸಬೇಡಿ, ಬೆನ್ನುಮೂಳೆಗೂ ಪೆಟ್ಟಾಗಿರಬಹುದು.

ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೆರವಾದವರ ರಕ್ಷಣೆಗೆಂದೇ ಕರ್ನಾಟಕದಲ್ಲಿ 2016ರ ಗುಡ್ ಸಮರಿಟನ್ ಕಾಯ್ದೆಯಿದೆ.

ಮಕ್ಕಳಿಗೂ ಕೆಲಸವಿದೆ. ಒಬ್ಬರು ಊರಬಾಗಿಲಿಗೆ ಓಡಿ ಆಂಬುಲೆನ್ಸಿಗೆ ದಾರಿ ತೋರಿಸಿ. ಇನ್ನೊಬ್ಬರು ಗಡಿಯಾರ ಹಿಡಿದು ಗಾಯಾಳುವಿನ ಉಸಿರು ಎಣಿಸಿ. ದೊಡ್ಡವರು ಆರಾಮವಾಗಿದ್ದಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಎಣಿಸಿದ್ದನ್ನು ಹೊತ್ತಿನ ಸಮೇತ ಅಂಗೈ ಮೇಲೆ ಬರೆದುಕೊಳ್ಳಿ, 108ರ ಸಿಬ್ಬಂದಿ ಬಂದಾಗ ತೋರಿಸಿ.