ಹದಿನೈದು ಶನಿವಾರಗಳ ಬೇಸಗೆ

ಅಮೇರಿಕೆಯ ಹುಡುಗಿಯೆಂದರೆ ನಮ್ಮವರ ಕಣ್ಣಮುಂದೆ ನಿಲ್ಲುವ ಚಿತ್ರಗಳು ಎರಡೇ. ಒಂದು ಚಲಚ್ಚಿತ್ರದಲ್ಲಿ ಕಂಡದ್ದು. ಇನ್ನೊಂದು, ಅಲ್ಲಿಗೆ ಹೋಗಿಬಂದ ಬಂಧುಗಳು ಊಟದ ಎಲೆಯ ಮುಂದೆ ಕುಳಿತು ಹೇಳಿದ್ದು: "ಅಲ್ಲಿ ಹುಡುಗಿಗೆ ಹೇಳುವವರು ಕೇಳುವವರು ಯಾರೂ ಇಲ್ಲ." ದಿನವೂ ಎದ್ದು ಕೆಲಸಕ್ಕೆ ಹೋಗಿ, ಸಂಬಳದಲ್ಲಿ ನಾಲ್ಕು ಕಾಸು ಉಳಿಸಿ, ತನ್ನ ಲಗ್ನದ ಏರ್ಪಾಡನ್ನು ತಾನೇ ಮಾಡಿಕೊಳ್ಳುವ ಸಾಧಾರಣ ಹುಡುಗಿ ಈ ಎರಡು ಚಿತ್ರಗಳ ನಡುವೆ ಮರೆಯಾಗಿಬಿಡುತ್ತಾಳೆ. ಅವಳ ಸಂಗತಿ ಈಗ ನಮಗೆ ಬೇಕಾಗಿದೆ. ಮಗನೋ ಮಗಳೋ ಅಣ್ಣನ ಮಗಳೋ ಆ ದೇಶದಲ್ಲಿಲ್ಲದ ಮನೆ ನಮ್ಮ ಸಂಘದಲ್ಲಿ ಕಡಮೆ. ಅಲ್ಲಿಂದ ಬಂದ ಒಂದು ಲಗ್ನಪತ್ರಿಕೆ ಇಲ್ಲಿ ಮುಂಬಯಿಯಲ್ಲಿ ಎರಡು ಮನೆಗಳ ಮಾತನ್ನೇ ನಿಲ್ಲಿಸಿದ್ದನ್ನು ನಾವು ಹತ್ತಿರದಿಂದ ನೋಡಿದ್ದೇವೆ. ಪತ್ರಿಕೆಯ ಮೇಲೆ ಗಂಡ ಹೆಂಡಿರ ಹೆಸರು ಮಾತ್ರ ಇತ್ತು; ಮಕ್ಕಳ ಹೆಸರಿರಲಿಲ್ಲ, "ಸಕುಟುಂಬ ಸಪರಿವಾರ" ಎಂಬ ಶಬ್ದಗಳೂ ಇರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇವೆ.

ಅಮೇರಿಕವೆಂಬುದು ಒಂದು ಊರಲ್ಲ. ನ್ಯೂಯಾರ್ಕಿನವಳ ದಿನಚರಿ ಟೆಕ್ಸಾಸಿನವಳಿಗೆ ಒಗ್ಗದು. ಆದ್ದರಿಂದ ಓಹಾಯೋ ಸಂಸ್ಥಾನದ ಸಿನ್ಸಿನಾಟಿ ಎಂಬ ಒಂದೇ ಊರನ್ನು ಹಿಡಿದುಕೊಳ್ಳೋಣ. ಓಹಾಯೋ ನದಿಯ ದಡದ ಊರು. ನದಿ ದಾಟಿದರೆ ಕೆಂಟಕಿ. ಹುಡುಗಿಗೆ ಇಪ್ಪತ್ತೆಂಟು ವಯಸ್ಸು, ವಿಮಾ ಕಂಪನಿಯ ಕಚೇರಿಯಲ್ಲಿ ಕೆಲಸ ಎಂದಿಟ್ಟುಕೊಳ್ಳೋಣ. ಅಂದರೆ ನಮ್ಮ ಕುಲದವಳೇ ಆಯಿತು, ಕಡತದ ಕುಲ. ವಯಸ್ಸು ಮೀರಿತಲ್ಲಾ ಎಂದು ಯಾರೂ ಗಾಬರಿಯಾಗಬೇಕಾಗಿಲ್ಲ. 1956ರಲ್ಲಿ ಆ ದೇಶದ ಹೆಣ್ಣುಮಕ್ಕಳ ಮೊದಲ ಮದುವೆಯ ನಡುವಯಸ್ಸು 20ರ ಆಸುಪಾಸಿನಲ್ಲಿತ್ತು. ಈಗ ಅದು 28 ದಾಟಿದೆ. ಅಲ್ಲಿಯ ಅಜ್ಜಿಯರೂ ನಮ್ಮ ಅಜ್ಜಿಯರಂತೆ ನಿಟ್ಟುಸಿರು ಬಿಡುವವರೇ.

ಸೋಮವಾರದಿಂದ ಶುಕ್ರವಾರದವರೆಗೆ ಅವಳ ಬದುಕು ಎಲ್ಲ ಕಚೇರಿಯವರ ಬದುಕೇ; ಅದನ್ನು ವರ್ಣಿಸಿ ಓದುಗರನ್ನು ದಣಿಸುವುದಿಲ್ಲ. ವಿಶೇಷವಿರುವುದು ಶನಿವಾರ ಭಾನುವಾರಗಳಲ್ಲಿ. ವಾರಕ್ಕೆ ಎರಡು ದಿನ ಬಿಡುವು ಅಲ್ಲಿಯೂ ಅನಾದಿಯಿಂದ ಬಂದದ್ದಲ್ಲ. ಹೆನ್ರಿ ಫೋರ್ಡ್ 1926ರಲ್ಲಿ ತನ್ನ ಮೋಟಾರು ಕಾರ್ಖಾನೆಗಳಲ್ಲಿ ಐದು ದಿನದ ವಾರವನ್ನು ತಂದ. 1938ರ ಕಾನೂನಿನ ಫಲವಾಗಿ 1940ರಿಂದ ವಾರಕ್ಕೆ 40 ಗಂಟೆಯೆಂಬ ಲೆಕ್ಕ ನಿಂತಿತು. ಆದರೆ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕೇಂದ್ರದ ಕಾನೂನು ಆ ಶ್ರೀಮಂತ ದೇಶದಲ್ಲಿ ಇಂದಿಗೂ ಇಲ್ಲ. ಕೊಡುವುದು ಬಿಡುವುದು ಹೆಚ್ಚಾಗಿ ಧಣಿಯ ಇಷ್ಟ. ಸಿ.ಎಲ್., ಇ.ಎಲ್. ಎಂದು ಜನ್ಮಸಿದ್ಧ ಹಕ್ಕಿನಂತೆ ಅರ್ಜಿ ಬರೆಯುವ ನಮಗೆ ಇದು ನಂಬಲಾಗದ ಸಂಗತಿ. ಅವಳ ಶನಿವಾರ ಏಕೆ ಅಷ್ಟು ತುಟ್ಟಿ ಎಂಬುದು ಇದರಿಂದ ಅರ್ಥವಾಗುತ್ತದೆ.

ಶನಿವಾರಗಳಲ್ಲಿಯೂ ಬೇಸಗೆಯ ಶನಿವಾರಗಳೇ ಬೇರೆ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಈಜುಕೊಳಗಳ ಬಾಗಿಲು ತೆರೆಯುವುದು ಆಗ. ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ. ಅಲ್ಲಿಗೆ ಬೇಸಗೆ ಮುಗಿಯಿತೆಂದು ಲೆಕ್ಕ. ಇವೆರಡರ ನಡುವಿನ ಶನಿವಾರಗಳನ್ನು ಎಣಿಸಿದರೆ ಕೆಲವು ವರ್ಷ 14, ಕೆಲವು ವರ್ಷ 15. ವರ್ಷದ ಅರ್ಧ ಭಾಗ ಚಳಿಯಲ್ಲಿ ಮುದುರಿಕೊಳ್ಳುವ ಊರಿಗೆ ಇಷ್ಟೇ ಗಂಟು. ಬಟ್ಟೆ ಒಗೆಯುವುದು, ಮನೆ ಗುಡಿಸುವುದು, ವಾರದ ದಿನಸಿ ತರುವುದು (ಕೆಲಸದವಳೆಂಬ ಪ್ರಾಣಿ ಸಾಧಾರಣ ಮನೆಗಳಲ್ಲಿ ಇಲ್ಲ) ಇವಕ್ಕೆ ಬೆಳಗಿನ ಹೊತ್ತು ಹೋಯಿತು. ಜುಲೈ ನಾಲ್ಕು ಸ್ವಾತಂತ್ರ್ಯ ದಿನ. ಅಂದು ತಂದೆಯ ಮನೆಯ ಹಿತ್ತಿಲಲ್ಲಿ ಕೆಂಡದ ಮೇಲೆ ಸುಟ್ಟ ಊಟ, ರಾತ್ರಿ ಬಾಣಬಿರುಸು. ಗೆಳತಿಯರ ಮದುವೆ ಎರಡು ಬಂದರೆ ಎರಡು ಶನಿವಾರ. ವಧುವಿನ ಸಖಿಯಾಗೆಂದು ಕರೆದರೆ ಎರಡು ನಾಲ್ಕಾಗುತ್ತದೆ: ಉಡುಗೊರೆಯ ಕೂಟಕ್ಕೊಂದು, ಗೆಳತಿಯರ ಪ್ರವಾಸಕ್ಕೊಂದು. ಸಖಿಯ ಉಡುಪನ್ನು ಬಹುಮಟ್ಟಿಗೆ ಅವಳೇ ಕೊಳ್ಳಬೇಕು, ಬಣ್ಣ ಆರಿಸುವುದು ಮಾತ್ರ ವಧು. ನಮ್ಮಲ್ಲಿ ಮದುವೆಗೆ ಹೋದವರು ಸೀರೆ ತರುತ್ತಾರೆ. ಅಲ್ಲಿ ಸೀರೆಯ ಬಿಲ್ಲು ತರುತ್ತಾರೆ.

ಇನ್ನು ಅವಳದೇ ಮದುವೆ. ಉಂಗುರದಿಂದ ಆರಂಭ. ವಜ್ರದ ಉಂಗುರವಿಲ್ಲದೆ ನಿಶ್ಚಯವಿಲ್ಲವೆಂಬ ಭಾವನೆ ಸನಾತನವೆಂದು ತೋರಿದರೂ ಅದನ್ನು ಬಲಪಡಿಸಿದ್ದು ಜಾಹೀರಾತು. ಡಿ ಬೀರ್ಸ್ ಎಂಬ ವಜ್ರದ ಕಂಪನಿಗಾಗಿ 1947ರಲ್ಲಿ ಪ್ರಸಿದ್ಧ ಘೋಷವಾಕ್ಯವನ್ನು ಬರೆದವಳು ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ. ಆಕೆ ಕೊನೆಯವರೆಗೂ ಮದುವೆಯಾಗಲಿಲ್ಲ!

ಮುಂದಿನದು ಮುಹೂರ್ತ. ಅಲ್ಲಿಯ ಪಂಚಾಂಗವೆಂದರೆ ಸಭಾಂಗಣದವನ ದಿನಚರಿ ಪುಸ್ತಕ. ಒಳ್ಳೆಯ ಸ್ಥಳ ವರ್ಷದ ಮೊದಲೇ ಗೊತ್ತಾಗಿರುತ್ತದೆ. ನಗಬೇಡಿ, ಮಾಟುಂಗದಲ್ಲಿ ಸಭಾಂಗಣ ಸಿಕ್ಕ ದಿನಕ್ಕೆ ಮುಹೂರ್ತ ಹೊಂದಿಸಿಕೊಟ್ಟ ಪುರೋಹಿತರನ್ನು ನಾವೆಲ್ಲ ಬಲ್ಲೆವು. ಸಿನ್ಸಿನಾಟಿಯವಳಿಗೆ ಇನ್ನೊಂದು ಪಂಚಾಂಗವೂ ಉಂಟು, ಜೀರುಂಡೆಗಳದು. ಆ ಸೀಮೆಯಲ್ಲಿ ಒಂದು ಜಾತಿಯ ಜೀರುಂಡೆ 17 ವರ್ಷ ನೆಲದೊಳಗಿದ್ದು ಮೇ ತಿಂಗಳಲ್ಲಿ ಲಕ್ಷೋಪಲಕ್ಷವಾಗಿ ಒಮ್ಮೆಗೇ ಮೇಲೆದ್ದು, ಜೂನ್ ಕೊನೆಯವರೆಗೆ ಕಿವಿ ಕಿವುಡಾಗುವಂತೆ ಕೂಗುತ್ತದೆ. 2021ರಲ್ಲಿ ಎದ್ದಿತ್ತು, ಆ ಗುಂಪು ಮತ್ತೆ ಏಳುವುದು 2038ರಲ್ಲಿ. ಬಯಲಿನಲ್ಲಿ ಮಂಟಪ ಹಾಕಿಸುವವಳು ಇದನ್ನೂ ನೋಡಬೇಕು. ರಾಹುಕಾಲವೇ ವಾಸಿ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಲೈಸೆನ್ಸಿಲ್ಲದೆ ಮದುವೆಯಿಲ್ಲ. ವಧೂವರರು ಇಬ್ಬರೂ ಕೌಂಟಿಯ ಪ್ರೊಬೇಟ್ ನ್ಯಾಯಾಲಯಕ್ಕೆ ಹೋಗಿ, ಗುಮಾಸ್ತರ ಮೇಜಿನ ಮುಂದೆ ನಿಂತು ಅರ್ಜಿ ಕೊಡಬೇಕು. ಕೈಗೆ ಬಂದ ಕಾಗದ 60 ದಿನ ನಡೆಯುತ್ತದೆ. ಅಷ್ಟರೊಳಗೆ ಮದುವೆಯಾಗದಿದ್ದರೆ ಮತ್ತೆ ಅರ್ಜಿ. ಈ ಭಾಗವನ್ನು ಓದಿ ನಮಗೆ ಆ ದೇಶದ ಮೇಲೆ ವಿಶೇಷ ಗೌರವ ಹುಟ್ಟಿತು.

ಖರ್ಚಿನ ಮಾತು. ಮದುವೆಯ ವ್ಯಾಪಾರಕ್ಕೆ ಸೇರಿದವರೇ 2023ರ ಮದುವೆಗಳ ಬಗ್ಗೆ ತೆಗೆದ ಸರಾಸರಿ 35,000 ಡಾಲರು. ಸರಾಸರಿಯನ್ನು ಪೂರ್ತಿ ನಂಬಬಾರದು. ಹತ್ತು ಶ್ರೀಮಂತರು ನೂರು ಬಡವರ ಲೆಕ್ಕವನ್ನು ಮೇಲಕ್ಕೆಳೆಯುತ್ತಾರೆ. ಆದರೂ ಹೊರೆ ಹೊರೆಯೇ. ಹಿಂದೆ ವಧುವಿನ ತಂದೆ ಕೊಡುವುದು ಪದ್ಧತಿ. ಈಗ ಎರಡು ಮನೆಯವರೂ ಮದುವೆಯಾಗುವವರೂ ಹಂಚಿಕೊಳ್ಳುವುದೇ ಹೆಚ್ಚು. ಸಾಲ ಮಾಡಿ ಮದುವೆಯಾಗುವವರು ಅಲ್ಲಿಯೂ ಇದ್ದಾರೆ, ಕ್ರೆಡಿಟ್ ಕಾರ್ಡಿನ ಮೇಲೆ. ಅಡಿಗೆಯವರೊಡನೆ ಮಾತು, ಹೂವಿನವನೊಡನೆ ಚೌಕಾಸಿ, ಅತಿಥಿಗಳ ಪಟ್ಟಿ, ಕುರ್ಚಿಗಳ ನಕಾಶೆ, ಇವೆಲ್ಲ ಹುಡುಗಿಯ ಕೈಯಲ್ಲೇ. ವರ ಜೊತೆಗೆ ಓಡಾಡುತ್ತಾನಾದರೂ ಪಟ್ಟಿ ಇರುವುದು ಅವಳ ಚೀಲದಲ್ಲಿ. ನಮ್ಮ ಹುಡುಗಿಗೆ ಓಡಾಡಲು ನಾಲ್ವರು ಸೋದರಮಾವಂದಿರಿದ್ದಾರೆ, ಉಗ್ರಾಣಕ್ಕೆ ಚಿಕ್ಕಪ್ಪನಿದ್ದಾನೆ. ಆದರೆ ಅವಳ ಕೈಗೆ ಉಳಿಯುವುದು ಸೀರೆಯ ಬಣ್ಣ, ಅದೂ ಅತ್ತೆಯಾಗುವವರಿಗೆ ಒಪ್ಪಿದರೆ. ಮುಂಬಯಿಯ ಕಚೇರಿಯಲ್ಲಿ ದುಡಿದು ತಂಗಿಯ ಫೀಸು ಕಟ್ಟುವ ಹುಡುಗಿಯನ್ನು ಕೂಡ ಲಗ್ನದ ಮಾತಿಗೆ ಕುಳಿತಾಗ ಕಾಫಿ ತರಲು ಒಳಗೆ ಕಳಿಸುತ್ತೇವೆ. ಒಬ್ಬಳಿಗೆ ಹೊರೆ ಹೆಚ್ಚು, ಇನ್ನೊಬ್ಬಳಿಗೆ ಮಾತು ಕಡಮೆ. ನಮ್ಮನ್ನು ಕೇಳಿದರೆ ಕಾಫಿ ತಟ್ಟೆಯನ್ನು ಕೆಳಗಿಡಿಸಿ ಅವಳನ್ನೂ ಚಾಪೆಯ ಮೇಲೆ ಕೂರಿಸಬಹುದು. ಅದಕ್ಕೆ ಅಮೇರಿಕೆಗೆ ಹೋಗಬೇಕಾಗಿಲ್ಲ.

ಉಡುಗೊರೆಯ ವಿಷಯದಲ್ಲಿ ಮಾತ್ರ ಅವರದೇ ಜಾಣತನ. ಷಿಕಾಗೋದ ಮಾರ್ಷಲ್ ಫೀಲ್ಡ್ ಅಂಗಡಿ 1924ರಲ್ಲಿ ಒಂದು ಏರ್ಪಾಡು ಮಾಡಿತು: ವಧು ತನಗೆ ಬೇಕಾದ ಸಾಮಾನಿನ ಪಟ್ಟಿಯನ್ನು ಅಂಗಡಿಯಲ್ಲಿ ಬರೆಸಿಡುವುದು, ಬಂಧುಗಳು ಅದರಿಂದ ಒಂದೊಂದನ್ನು ಕೊಳ್ಳುವುದು. ಅದೇ ಈಗ ದೇಶಕ್ಕೆಲ್ಲ ರೂಢಿ. ಏಳು ಗೋಡೆ ಗಡಿಯಾರ, ಒಂಬತ್ತು ಲೆಮನ್ ಸೆಟ್ಟುಗಳೊಡನೆ ಸಂಸಾರ ಹೂಡಿದವರಿಗೆ ಇದರ ಬೆಲೆ ತಿಳಿದೀತು.

ಇಷ್ಟು ಗಡಿಬಿಡಿಯ ನಡುವೆ ಬೇಸ್‌ಬಾಲ್ ಎಲ್ಲಿಂದ ಬಂತು ಎಂದು ಕೇಳಬಹುದು. ಸಿನ್ಸಿನಾಟಿಯಲ್ಲಿ ಅದಿಲ್ಲದೆ ಬೇಸಗೆಯಿಲ್ಲ. ಆಟಗಾರರೆಲ್ಲರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡ 1869ರಲ್ಲಿ ಕಟ್ಟಿದ್ದು ಈ ಊರಿನಲ್ಲಿ. ಋತುವಿನ ಮೊದಲ ಪಂದ್ಯದ ದಿನ ಊರಿನಲ್ಲಿ ಮೆರವಣಿಗೆ ಹೊರಡುತ್ತದೆ. ಮಕ್ಕಳು ಶಾಲೆ ತಪ್ಪಿಸಿದರೆ ಹಿರಿಯರು ಕಾಣದಂತಿರುತ್ತಾರೆ. ಆಟ ನಮ್ಮ ಕ್ರಿಕೆಟ್ಟಿನ ದಾಯಾದಿ. ಕಡೆಗೆ ಒಂಬತ್ತು ಜನ, ಒಂಬತ್ತು ಇನ್ನಿಂಗ್ಸು. ಮೂವರು ಔಟಾದರೆ ಸರದಿ ಬದಲು. ಚೆಂಡು ನೆಲ ಮುಟ್ಟದೆ ನೇರವಾಗಿ ಬರುತ್ತದೆ. ದುಂಡು ದಾಂಡಿನಿಂದ ಹೊಡೆದು, 90 ಅಡಿಗೊಂದರಂತಿರುವ ನೆಲೆಗಳನ್ನು ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ರನ್ನು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡಕ್ಕೆ 162 ಪಂದ್ಯ; ಅದರಲ್ಲಿ 81 ತವರೂರಿನಲ್ಲಿ. ಹೀಗಾಗಿ ಅದು ಹಬ್ಬವಲ್ಲ, ದಿನದ ಊಟ. ಹಗಲು ಕಚೇರಿ ಇದ್ದವರಿಗೂ ಅದು ದಕ್ಕುವಂತೆ ಮಾಡಿದ ಕೀರ್ತಿಯೂ ಈ ಊರಿನದೇ: 1935ರ ಮೇ 24ರಂದು ದೊಡ್ಡ ಲೀಗಿನ ಮೊದಲ ರಾತ್ರಿ ಪಂದ್ಯ ನಡೆದದ್ದು ಇಲ್ಲಿಯ ಕ್ರಾಸ್ಲಿ ಫೀಲ್ಡ್ ಮೈದಾನದಲ್ಲಿ. ಅಧ್ಯಕ್ಷ ರೂಸ್‌ವೆಲ್ಟರು ವಾಷಿಂಗ್ಟನ್ನಿನಲ್ಲಿ ಕುಳಿತು ಗುಂಡಿ ಒತ್ತಿದರು, ಇಲ್ಲಿ ದೀಪ ಹತ್ತಿತು. ಗುಮಾಸ್ತರ ಪಾಲಿಗೆ ಅದೊಂದು ದೀಪಾವಳಿ.

ಈ ಆಟದಲ್ಲಿ ಹುಡುಗಿ ಹೊರಗಿನವಳಲ್ಲ. ಪಂದ್ಯದ ಏಳನೆಯ ಇನ್ನಿಂಗ್ಸಿನ ನಡುವೆ ಜನರೆಲ್ಲ ಎದ್ದು ನಿಂತು ಹಾಡುವ ಹಾಡೊಂದಿದೆ, 1908ರದು. ಅವರು ಹಾಡುವುದು ಪಲ್ಲವಿ ಮಾತ್ರ; ಅದರ ನುಡಿಗಳನ್ನು ತೆಗೆದು ನೋಡಿದರೆ ಕಥಾನಾಯಿಕೆ ಕೇಟಿ ಕೇಸಿ ಎಂಬ ಹುಡುಗಿ; ನಾಟಕಕ್ಕೆ ಕರೆದ ಗೆಳೆಯನಿಗೆ ಬೇಡವೆಂದು ಹೇಳಿ ಪಂದ್ಯಕ್ಕೆ ಕರೆದೊಯ್ಯೆನ್ನುವವಳು. 1931ರಲ್ಲಿ ಜಾಕಿ ಮಿಚೆಲ್ ಎಂಬ 17 ವಯಸ್ಸಿನ ಹುಡುಗಿ ಒಂದು ಪ್ರದರ್ಶನ ಪಂದ್ಯದಲ್ಲಿ ಬೇಬ್ ರೂತ್, ಲೂ ಗೆರಿಗ್ ಎಂಬ ಮಹಾರಥರಿಬ್ಬರನ್ನೂ ಒಬ್ಬರ ಹಿಂದೊಬ್ಬರಂತೆ ಔಟು ಮಾಡಿದಳು. ಯುದ್ಧಕಾಲದಲ್ಲಿ ಗಂಡಸರು ಸೈನ್ಯ ಸೇರಿದಾಗ ಹುಟ್ಟಿದ ಹೆಂಗಸರ ಲೀಗು 1943ರಿಂದ 1954ರವರೆಗೆ ನಡೆದು, 600ಕ್ಕೂ ಹೆಚ್ಚು ಮಂದಿ ಆಡಿದರು. ಆಡಬೇಕಾದದ್ದು ಲಂಗ ತೊಟ್ಟು! ಜಾರಿ ಬಿದ್ದಾಗ ಮೊಣಕಾಲಿನ ಚರ್ಮ ಕಿತ್ತುಬರುತ್ತಿತ್ತು. ಚಿಕ್ಕ ಹುಡುಗಿಯರನ್ನು ಲಿಟ್ಲ್ ಲೀಗಿಗೆ ಸೇರಿಸಿಕೊಂಡದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ಮೇಲೆ, 1974ರಲ್ಲಿ. ದೊಡ್ಡ ಲೀಗಿನ ಪಂದ್ಯಕ್ಕೆ ಹೆಂಗಸೊಬ್ಬಳು, ಜೆನ್ ಪಾವೋಲ್, ಅಂಪೈರಾಗಿ ನಿಂತದ್ದು 2025ರ ಆಗಸ್ಟಿನಲ್ಲಷ್ಟೆ.

ಆದರೆ ನಮಗೆ ಮೆಚ್ಚುಗೆಯಾದದ್ದು ಬೇರೊಂದು. ಪಂದ್ಯ ನೋಡುತ್ತ ಕಾಗದದ ಮೇಲೆ ಪ್ರತಿಯೊಂದು ಎಸೆತದ ಫಲವನ್ನು ಚೌಕಗಳಲ್ಲಿ ಬರೆದುಕೊಳ್ಳುವ ಪದ್ಧತಿ ಅಲ್ಲಿದೆ. ಮೂರು ಸಲ ತಪ್ಪಿ ಔಟಾದವನಿಗೆ 'ಕೆ' ಅಕ್ಷರ. ದಾಂಡು ಬೀಸದೆ ನಿಂತೇ ಔಟಾದರೆ ಅದೇ ಅಕ್ಷರ ತಿರುವುಮುರುವು. ಈ ಲಿಪಿಯನ್ನು ತಂದೆ ಮಗಳಿಗೆ ಕಲಿಸುತ್ತಾನೆ, ಎಂಟು ಹತ್ತು ವಯಸ್ಸಿನಲ್ಲಿ, ಮೇಲಿನ ಸಾಲಿನ ಅಗ್ಗದ ಕುರ್ಚಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು. ಎರಡೂವರೆ ಗಂಟೆ ಹೊತ್ತಿನಲ್ಲಿ ಆಡುವ ಮಾತು ಬಹಳವಿಲ್ಲ. ಲಗ್ನಕ್ಕೆ ಮುಂಚಿನ ಬೇಸಗೆಯಲ್ಲಿ ಎಷ್ಟೇ ಓಡಾಟವಿದ್ದರೂ ಒಂದು ಶನಿವಾರವನ್ನು ತಂದೆಗೆಂದು ತೆಗೆದಿಡುವ ಹುಡುಗಿಯರಿದ್ದಾರೆ. "ಹೇಳುವವರು ಕೇಳುವವರು ಯಾರೂ ಇಲ್ಲ" ಎಂದ ನಮ್ಮ ಬಂಧುಗಳು ಆ ಮೇಲಿನ ಸಾಲಿನವರೆಗೆ ಹತ್ತಿರಲಿಲ್ಲವೆಂದು ತೋರುತ್ತದೆ.

ಈಗ ಆ ಲಗ್ನಪತ್ರಿಕೆ. ಅಲ್ಲಿ ಊಟದ ಬೆಲೆ ಎಲೆಗಿಷ್ಟೆಂದು. ಸಭಾಂಗಣದಲ್ಲಿ ಎಷ್ಟು ಜನ ಸೇರಬಹುದೆಂದು ಬೆಂಕಿಯ ಕಾನೂನು ಹೇಳುತ್ತದೆ. ಆದ್ದರಿಂದ ಪತ್ರಿಕೆಯ ಮೇಲೆ ಯಾರ ಹೆಸರಿದೆಯೋ ಅವರೇ ಅತಿಥಿಗಳು. ಇಂಥ ದಿನದೊಳಗೆ ಬರುತ್ತೇವೆ ಬರುವುದಿಲ್ಲವೆಂದು ಉತ್ತರ ಬರೆಯಬೇಕು. ಬರುತ್ತೇವೆಂದು ಬರೆದು ಬಾರದಿರುವುದು ದೊಡ್ಡ ಅಪರಾಧ. ಹೋದವರಿಗೆ ಹೆಸರು ಬರೆದ ಚೀಟಿಯಿಟ್ಟ ಜಾಗ ಕಾದಿರುತ್ತದೆ. ಆ ಚೀಟಿಯನ್ನು ಬಹುಶಃ ವಧುವೇ ಒಂದು ರಾತ್ರಿ ಕುಳಿತು ಬರೆದಿರುತ್ತಾಳೆ, ಇವರ ಪಕ್ಕದಲ್ಲಿ ಯಾರಿದ್ದರೆ ಮಾತಿಗೆ ಬೇಸರವಾಗದೆಂದು ಯೋಚಿಸಿ. ಅಲ್ಲಿ ನೆಲೆಸಿದ ಕನ್ನಡ ಮನೆಗಳ ಹುಡುಗಿಗೆ ಕಷ್ಟ ಇಮ್ಮಡಿ. ತಂದೆಯ ಪಟ್ಟಿಯಲ್ಲಿ ಕನ್ನಡ ಕೂಟವೆಲ್ಲ ಇರುತ್ತದೆ, ಅವಳ ಪಟ್ಟಿಯಲ್ಲಿ ಸಭಾಂಗಣದ ಕುರ್ಚಿಗಳಷ್ಟೇ ಹೆಸರು. ಲೇಬರ್ ಡೇ ಶನಿವಾರ ಬೇಡವೆಂದು ತಾಯಿ ಮೊದಲೇ ಹೇಳಿರುತ್ತಾಳೆ. ಎರಡು ವರ್ಷಕ್ಕೊಮ್ಮೆ ನಡೆಯುವ ಅಕ್ಕ ಸಮ್ಮೇಳನ ಆ ರಜೆಯ ಸುಮಾರಿಗೇ ಬರುವುದುಂಟಲ್ಲ! ಇಷ್ಟೆಲ್ಲ ಕತ್ತರಿಸಿದ ಮೇಲೆಯೂ ಮುಂಬಯಿಯ ದೊಡ್ಡಪ್ಪ ದೊಡ್ಡಮ್ಮನ ಹೆಸರು ಪಟ್ಟಿಯಲ್ಲಿ ಉಳಿದಿತ್ತು. ಮುನಿಸಿಕೊಂಡ ಮನೆಯವರಿಗೆ ಇದನ್ನು ನಾವು ಒಮ್ಮೆ ಬಾಯಲ್ಲಿ ಹೇಳಿದೆವು. ಅವರು "ಹೌದೇನು" ಎಂದರು, ಹೆಚ್ಚು ಮಾತಾಡಲಿಲ್ಲ. ಈಗ ಬರಹದಲ್ಲಿ ಹೇಳಿದ್ದೇವೆ.

ಮದುವೆಯ ಶಾಸ್ತ್ರ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ. ಉಡುಗೊರೆ ಕೊಟ್ಟ ಒಬ್ಬೊಬ್ಬರಿಗೂ ಕೈಯಿಂದಲೇ ಕೃತಜ್ಞತೆಯ ಪತ್ರ ಬರೆಯಬೇಕು, ಅಚ್ಚು ಹಾಕಿಸಿದ್ದು ಸಲ್ಲದು. ಕೊಟ್ಟ ವಸ್ತುವಿನ ಹೆಸರೂ ಅದರಲ್ಲಿ ಬರಬೇಕು. ನೂರಿಪ್ಪತ್ತು ಅತಿಥಿಗಳಾದರೆ ಅರುವತ್ತು ಎಪ್ಪತ್ತು ಪತ್ರ. ಸೆಪ್ಟೆಂಬರಿನ ಭಾನುವಾರ ಮಧ್ಯಾಹ್ನ ಗಂಡನಿಗೆ ಅಂಚೆಚೀಟಿ ಅಂಟಿಸುವ ಕೆಲಸ ಕೊಟ್ಟು ಅವಳು ಬರೆಯಲು ಕೂರುತ್ತಾಳೆ. ಪಕ್ಕದಲ್ಲಿ ರೇಡಿಯೋ ಹಚ್ಚಿದೆ, ಋತುವಿನ ಕೊನೆಯ ಪಂದ್ಯಗಳು. ಯಾರಾದರೂ ಮೂರು ಸಲ ತಪ್ಪಿದರೆ ಲಕೋಟೆಯ ಮೂಲೆಯಲ್ಲಿ ಒಂದು 'ಕೆ' ಬಿದ್ದುಬಿಡುತ್ತದೆ, ಆ ಲಕೋಟೆ ತಂದೆಗೆ ಹೋಗುತ್ತದೆ.